ಮುಚ್ಚಳದ ಮೇಲಿನ ಹೆಸರು

ಜೂನ್ ೧೧, ಬುಧವಾರ

ನೀಲೀ,

ಬಂದು ಸೇರಿದೆ. ಹಾಸ್ಟೆಲಿನ ರೂಮು ನಮ್ಮ ಅಡುಗೆಮನೆಯಷ್ಟಿದೆ. ಎರಡು ಮಂಚ, ಒಂದು ಕಿಟಕಿ, ಕಿಟಕಿಯಾಚೆ ಇನ್ನೊಂದು ಗೋಡೆ. ಜೊತೆಗಿರುವವಳು ಮೊದಲು ಶಿಶುವಿಹಾರದಲ್ಲಿ ಪಾಠ ಹೇಳುತ್ತಿದ್ದವಳಂತೆ. ನನ್ನನ್ನು ನೋಡಿದ ಕೂಡಲೇ "ಆಂಟೀ, ಮಗಳನ್ನ ಬಿಡೋಕೆ ಬಂದ್ರಾ?" ಅಂದಳು. "ಇಲ್ಲಮ್ಮಾ, ಮಗಳನ್ನ ಬಿಟ್ಟು ಬಂದಿದೀನಿ" ಅಂದೆ. ಪಾಪ, ಕೂಡಲೇ ಎದ್ದು ನನ್ನ ಮಂಚ ಒರೆಸಿಕೊಟ್ಟಳು.

ಫೋನಿನಲ್ಲಿ ನಾವಿಬ್ಬರೂ ಸಿಲಿಂಡರ್ ಬಂತಾ, ಅಜ್ಜಿ ಮಾತ್ರೆ ತಗೊಂಡರಾ ಅನ್ನುವುದರಾಚೆ ಹೋಗುವುದಿಲ್ಲ. ಅದಕ್ಕೇ ಕಾಗದ. ಹೊರಡುವಾಗ ನೀನು ಕೇಳಿದೆ, "ನಲವತ್ತೇಳನೇ ವಯಸ್ಸಲ್ಲಿ ಯಾರನ್ನ ಉದ್ಧಾರ ಮಾಡೋಕೆ ಈ ಓದು?" ಅಂತ. ನಾನು ಬ್ಯಾಗಿನ ಜಿಪ್ಪು ಎಳೆಯುತ್ತಾ ಸುಮ್ಮನಿದ್ದೆ. ಈಗ ಹೇಳುತ್ತೇನೆ. ಹದಿನೆಂಟು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆದೆ. ಅದರೊಳಗೆ ಏನಿತ್ತು ಅಂತ ತೊಳೆಯುವವಳಿಗೆ ಯಾರೂ ಹೇಳುವುದಿಲ್ಲ. ಒಂದು ಸಲವಾದರೂ ತೊಳೆಯುವ ಮೊದಲು ನೋಡಬೇಕು ಅನ್ನಿಸಿತು. ಪಾಸಾದರೆ ಅದೇ ಲ್ಯಾಬಿನಲ್ಲಿ ಟೆಕ್ನಿಷಿಯನ್. ಐದು ತಿಂಗಳು, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮುಗಿಯುತ್ತದೆ.

ಕಲಿಸುವ ಮೇಡಮ್ಮಿನ ಕೈಯಲ್ಲಿ ಸದಾ ಒಂದು ಸ್ಪಿರಿಟ್ಟಿನ ಸ್ಪ್ರೇ ಬಾಟಲಿ. ಯಾರ ಕೈ ಕಂಡರೂ ಪುಸ್ಸ್ ಅನ್ನಿಸುತ್ತಾರೆ. ಸ್ಪಿರಿಟ್ ಮೇಡಂ ಅಂತ ಹೆಸರಿಟ್ಟಿದ್ದೇವೆ. ಮೊದಲ ದಿನವೇ ಅಂದರು, "ಈ ರೂಮಲ್ಲಿ ಕೊಳಕು ಅಂದ್ರೆ ನೀವೇ. ನಿಮ್ಮ ಉಸಿರು, ನಿಮ್ಮ ಕೂದಲು, ನಿಮ್ಮ ಮಾತು. ಕೆಲಸ ಮಾಡುವಾಗ ಬಾಯಿ ಮುಚ್ಕೊಂಡಿರಿ."

ಅಭ್ಯಾಸಕ್ಕೆ ಕೊಟ್ಟಿರುವುದು ಮನುಷ್ಯನ ಚರ್ಮದ ಜೀವಕೋಶ. ಚಪ್ಪಟೆ ಬಾಟಲಿಯಲ್ಲಿ ಕೆಂಪು ಷರಬತ್ತಿನಂಥ ಆಹಾರ, ತಳಕ್ಕೆ ಅಂಟಿಕೊಂಡು ಜೀವಕೋಶ. ಮೈಬಿಸಿಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿ ಇಡುತ್ತೇವೆ. ಹಸಿದರೆ ಆಹಾರದ ಬಣ್ಣ ಹಳದಿಗೆ ತಿರುಗುತ್ತದೆ. ಯಾವುದೋ ಮಗುವಿನಿಂದ ಎಷ್ಟೋ ವರ್ಷದ ಹಿಂದೆ ತೆಗೆದದ್ದಂತೆ, ಅದಕ್ಕೇ ಇಲ್ಲಿ ಎಲ್ಲರೂ ಅದನ್ನು 'ಪಾಪು' ಅನ್ನುತ್ತಾರೆ. ಬೆಳಿಗ್ಗೆ ಬಂದ ಕೂಡಲೇ "ಪಾಪೂಗೆ ಊಟ ಆಯ್ತಾ?" ಅಂತ ಕೇಳುವುದು ವಾಡಿಕೆ. ಕೇಳಿ ನಗು ಬಂತು. ಆಮೇಲೆ ಯಾಕೋ ಬರಲಿಲ್ಲ.

ಅಜ್ಜಿಗೆ ಬಿಸಿನೀರು ಕಾಯಿಸಿ ಕೊಡು.

ಇಲ್ಲಿಗೆ ನಿಲ್ಲಿಸುತ್ತೇನೆ,
ಅಮ್ಮ


ಜೂನ್ ೨೦, ಶುಕ್ರವಾರ

ಅಮ್ಮಾ,

ನಿನ್ನ ಕಾಗದ ಬಂತು. ಅಜ್ಜಿ ಎರಡು ಸಲ ಓದಿಸಿಕೊಂಡರು. "ಸೊಸೆ ಈ ವಯಸ್ಸಿಗೆ ಸ್ಲೇಟು ಹಿಡಿದಳು, ನಾನೂ ಸೇರ್ಲಾ?" ಅನ್ನುತ್ತಾರೆ. ಪಾಪುವಿನ ವಿಷಯ ಬಂದಾಗ ಮಾತ್ರ ಎದ್ದು ಒಳಗೆ ಹೋದರು. ಬಿಸಿನೀರು ಕೊಡುತ್ತಿದ್ದೇನೆ.

ಲಾಂಡ್ರಿಯಲ್ಲಿ ನನ್ನನ್ನು ಒಗೆಯುವ ಕಡೆಯಿಂದ ಕೌಂಟರಿಗೆ ಹಾಕಿದ್ದಾರೆ. ಬಟ್ಟೆ ತೆಗೆದುಕೊಂಡು ನಂಬರಿನ ಚೀಟಿ ಪಿನ್ನು ಮಾಡುವುದು, ಕೊಡುವಾಗ ಚೀಟಿ ನೋಡಿ ಕೊಡುವುದು. ಯಜಮಾನಿಗೆ ನನ್ನ ಮೇಲೆ ಒಂದೇ ದೂರು. "ನಗೋಕೆ ಮುಂಚೆ ಹುಬ್ಬು ಗಂಟು ಹಾಕ್ತೀಯಲ್ಲೇ, ಬಂದೋರು ನೀನು ಬೈತೀಯ ಅಂದ್ಕೋತಾರೆ" ಅನ್ನುತ್ತಾಳೆ. ಕನ್ನಡಿಯಲ್ಲಿ ನೋಡಿಕೊಂಡೆ. ಹೌದು. ಹುಟ್ಟುಗುಣ ಸುಟ್ಟರೂ ಹೋಗದು, ಏನು ಮಾಡಲಿ?

ಒಂದು ಮಾತು. ಹೊರಡುವ ದಿನ ನೀನು ಜಿಪ್ಪು ಎಳೆಯುತ್ತಾ ಸುಮ್ಮನಿದ್ದೆ ಅಂತ ಬರೆದಿದ್ದೀಯ. ಆ ದಿನ ಮಾತ್ರ ಅಲ್ಲ. ನೀನು ಯಾವತ್ತೂ ನನ್ನ ಮುಖ ನೋಡಿ ಮಾತಾಡಿದವಳಲ್ಲ. ನನ್ನ ಜಡೆ ನೋಡಿ ಮಾತಾಡುತ್ತೀಯ, ಕೈಯಲ್ಲಿರುವ ಪಾತ್ರೆ ನೋಡಿ ಮಾತಾಡುತ್ತೀಯ. ಚಿಕ್ಕಂದಿನಲ್ಲಿ ನನ್ನ ಮುಖಕ್ಕೆ ಏನೋ ಮೆತ್ತಿಕೊಂಡಿದೆ ಅಂತ ನಾನೇ ಉಜ್ಜಿ ಉಜ್ಜಿ ತೊಳೆದುಕೊಳ್ಳುತ್ತಿದ್ದೆ. ಈಗ ಅಭ್ಯಾಸವಾಗಿದೆ. ಕಾಗದದಲ್ಲಾದರೆ ಹೇಳಬಹುದು ಅನ್ನಿಸಿತು, ಹೇಳಿದೆ.

ಇಂತಿ ನಿನ್ನ
ನೀಲಿ


ಜುಲೈ ೧೩, ಭಾನುವಾರ

ನೀಲೀ,

ಉತ್ತರ ತಡವಾಯಿತು. ನಿನ್ನ ಕಾಗದ ದಿಂಬಿನ ಕೆಳಗೇ ಇತ್ತು.

ಈಗ ಮಂಗಳವಾರ ಬಂದರೆ ಐದಕ್ಕೇ ಎಚ್ಚರ. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಪಾಪುವನ್ನು ಬಿಡಿಸುವ ಕೆಲಸ. ವಾರದಲ್ಲಿ ಬಾಟಲಿಯ ತಳವೆಲ್ಲ ತುಂಬಿಕೊಂಡಿರುತ್ತದೆ. ಒಂದನ್ನೊಂದು ಮುಟ್ಟಿದ ಮೇಲೆ ಅವು ಬೆಳೆಯುವುದನ್ನು ತಾವೇ ನಿಲ್ಲಿಸುತ್ತವೆ, ಹೇಳಿಕೊಟ್ಟವರು ಯಾರೋ. ಆಗ ಒಂದು ದ್ರಾವಣ ಹಾಕಿ ತಳದಿಂದ ಕಿತ್ತು, ಅರ್ಧ ಹೊಸ ಬಾಟಲಿಗೆ, ಇನ್ನರ್ಧ ಬ್ಲೀಚಿಗೆ. ದ್ರಾವಣ ಬಿದ್ದಾಗ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಉದ್ದುದ್ದ ಕೈಚಾಚಿ ಮಲಗಿದ್ದವು ಒಂದೊಂದೇ ಕೈ ಒಳಗೆಳೆದುಕೊಂಡು ಗುಂಡಗಾಗುತ್ತವೆ. ಬಿಸಿ ತಾಗಿದವರ ಹಾಗೆ. ನನ್ನ ರೂಮಿನ ಟೀಚರಮ್ಮ ಮೊದಲ ದಿನ ನೋಡಿ "ಅಯ್ಯೋ, ನೋವಾಗುತ್ತೇನೋ!" ಅಂದಳು. "ನರವೇ ಇಲ್ಲ, ನೋವೆಲ್ಲಿಂದ ಬರುತ್ತೆ?" ಅಂತ ಮೇಡಂ ಬೈದರು.

ನಾನೂ ಬೈಸಿಕೊಂಡೆ. ಆರು ಬಾಟಲಿಗೂ ಹೆಸರು, ತಾರೀಖು ಮುಚ್ಚಳದ ಮೇಲೆ ಬರೆದಿದ್ದೆ. ಅಡುಗೆಮನೆಯ ಡಬ್ಬಿಗೆ ಬರೆದ ಹಾಗೆ. ಮೇಡಂ ಆರೂ ಮುಚ್ಚಳ ತೆಗೆದು, ಮೇಜಿನ ಮೇಲೆ ಕಲಸಿ, "ಈಗ ಹಾಕಿ. ಯಾವುದು ಯಾವುದರದು?" ಅಂದರು. ಎರಡು ಮುಚ್ಚಳ ಎತ್ತಿ ಮತ್ತೆ ಕೆಳಗಿಟ್ಟೆ. "ಮುಚ್ಚಳ ಬದಲಾಗುತ್ತೆ, ಮೈ ಬದಲಾಗಲ್ಲ. ಬರೆಯೋದಾದ್ರೆ ಬಾಟಲಿ ಮೈಮೇಲೆ ಬರೀರಿ. ಅನುಮಾನದ ಬಾಟಲಿ ಇಟ್ಕೋಬಾರದು." ಆರನ್ನೂ ಬ್ಲೀಚಿಗೆ ಸುರಿಸಿದರು. ಉಳಿದವರ ಬಾಟಲಿಯಿಂದ ಮತ್ತೆ ಒಂದು ಕೊಟ್ಟರು. ಶಿಕ್ಷೆಗೆ ಹಳೆಯ ರಿಜಿಸ್ಟರುಗಳನ್ನೆಲ್ಲ ಹೊಸ ಪುಸ್ತಕಕ್ಕೆ ನಕಲು ಮಾಡಬೇಕಂತೆ.

ಆ ರಾತ್ರಿ ಅನ್ನ ಸೇರಲಿಲ್ಲ. ಇಷ್ಟು ಸಣ್ಣ ತಪ್ಪಿಗೆ ಯಾಕೆ ಇಷ್ಟು ಅಳು ಅಂತ ಟೀಚರಮ್ಮ ಕೇಳಿದಳು. ಈರುಳ್ಳಿ ಹೆಚ್ಚಿದೆ ಅಂದೆ. ಹಾಸ್ಟೆಲಿನಲ್ಲಿ ಈರುಳ್ಳಿ ಎಲ್ಲಿಂದ ಬರಬೇಕು?

ನಿನ್ನ ಕಾಗದದ ಕೊನೆಯ ಮಾತಿಗೆ ಉತ್ತರ ಬರೆಯಲು ಕೂತೆ. ಇನ್ನೊಮ್ಮೆ ಬರೆಯುತ್ತೇನೆ.

ಅಮ್ಮ


ಜುಲೈ ೨೩, ಬುಧವಾರ

ಅಮ್ಮಾ,

ಇನ್ನೊಮ್ಮೆ ಅಂದರೆ ಯಾವಾಗ ಅಂತ ನನಗೆ ಗೊತ್ತು. ಬಿಡು.

ಅಜ್ಜಿ ಚೆನ್ನಾಗಿದ್ದಾರೆ. ನಿನ್ನೆ ಕೌಂಟರಿನಲ್ಲಿ ನಿಂತಿದ್ದಾಗ ಬಲತೊಡೆಯ ಹಳೇ ಕಲೆ ಚುರುಗುಟ್ಟಿ ಉರಿಯಿತು. ನಾಣ್ಯದಗಲ ಇದೆಯಲ್ಲ, ಮಗುವಾಗಿದ್ದಾಗ ಸೂಜಿ ಚುಚ್ಚಿದ್ದು ಕೀವಾಯಿತು ಅನ್ನುತ್ತಿದ್ದಿರಲ್ಲ, ಅದೇ. ಹೋದ ವಾರವೂ ಹೀಗೇ ಆಗಿತ್ತು. ಸೋಪಿನ ನೀರು ಸಿಡಿದಿರಬೇಕು. ಮುಲಾಮು ಹಚ್ಚಿದೆ.

ಬರೆಯಲು ಬೇರೇನಿಲ್ಲ. ಮುಚ್ಚಳದ ಮೇಲೆ ಬರೆಯಬೇಡ.

ನೀಲಿ


ಆಗಸ್ಟ್ ೧೭, ಭಾನುವಾರ

ನೀಲೀ,

ಇದನ್ನು ಒಬ್ಬಳೇ ಇರುವಾಗ ಓದು. ಅಜ್ಜಿಗೆ ಓದಿ ಹೇಳಬೇಡ.

ನಿನಗೊಬ್ಬಳು ಅವಳಿ ಅಕ್ಕ ಇದ್ದಳು, ಹನ್ನೊಂದು ತಿಂಗಳಿಗೆ ಜ್ವರದಲ್ಲಿ ಹೋದಳು ಅನ್ನುವುದಷ್ಟೇ ನಿನಗೆ ಗೊತ್ತು. ಅವಳ ಹೆಸರು ಕೆಂಪಿ. ಕೆಂಪು ಟೋಪಿ ಹಾಕುತ್ತಿದ್ದೆ, ಅದಕ್ಕೆ ಕೆಂಪಿ. ನಿನ್ನದು ನೀಲಿ ಟೋಪಿ. ಜ್ವರಕ್ಕೆ ಕಾರಣ ಏನು, ಉಳಿದವಳಿಗೂ ಬರುತ್ತದೆಯೇ ಅಂತ ನೋಡಲು ಡಾಕ್ಟರು ಅವಳ ತೊಡೆಯಿಂದ ಸಣ್ಣದೊಂದು ಚೂರು ಚರ್ಮ ತೆಗೆದುಕೊಂಡರು ಅಂತ ನಿನ್ನಪ್ಪ ಹೇಳಿದ್ದರು. ಕಾಗದಕ್ಕೆ ಸಹಿ ಹಾಕಿದ್ದು ಅವರೇ. ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಆ ಚೂರನ್ನು ಸುಟ್ಟಿರುತ್ತಾರೆ ಅಂದುಕೊಂಡಿದ್ದೆ.

ಗುರುವಾರ ಹಳೇ ರಿಜಿಸ್ಟರು ನಕಲು ಮಾಡುತ್ತಾ ಪಾಪುವಿನ ಪುಟಕ್ಕೆ ಬಂದೆ. ಹೆಣ್ಣು. ಹನ್ನೊಂದು ತಿಂಗಳು. ಬಲತೊಡೆಯ ಚರ್ಮ. ಅವಳಿಗಳಲ್ಲಿ ತೀರಿಕೊಂಡ ಮಗು. ತಾರೀಖು. ಕೆಳಗೆ ಆ ಚೂರು ಕಳಿಸಿದ ನಮ್ಮ ಆಸ್ಪತ್ರೆಯ ಕಾರ್ಡಿನ ನಂಬರು. ಆ ಕಾರ್ಡು ನನ್ನ ಟ್ರಂಕಿನ ತಳದಲ್ಲಿದೆ. ನಂಬರು ನನಗೆ ಬಾಯಿಪಾಠ.

ಪೆನ್ನು ಕೆಳಗಿಟ್ಟು ಎದ್ದು ಹೋಗಿ ಬೆಚ್ಚನೆಯ ಪೆಟ್ಟಿಗೆಯ ಬಾಗಿಲು ತೆಗೆದೆ. ಒಳಗಿನ ಬಿಸಿ ಮುಖಕ್ಕೆ ತಾಗಿತು. ಮಗುವಿನ ತಲೆ ಮೂಸಿದ ಹಾಗೆ. ಆಹಾರದ ಬಣ್ಣ ಹಳದಿಗೆ ತಿರುಗಿತ್ತು ಕಣೇ. ಹಸಿದಿದ್ದಳು. ಎರಡು ತಿಂಗಳಿಂದ ನಾನೇ ಊಟ ಹಾಕುತ್ತಿದ್ದೇನೆ, ನನಗೇ ಗೊತ್ತಿರಲಿಲ್ಲ. ಎರಡು ತಿಂಗಳಿಂದ ಅರ್ಧರ್ಧ ಬ್ಲೀಚಿಗೆ ಸುರಿದವಳೂ ನಾನೇ.

ಯಾರಿಗೂ ಹೇಳಿಲ್ಲ. ನಿನಗೆ ಮಾತ್ರ.

ಅಮ್ಮ


ಆಗಸ್ಟ್ ೨೭, ಬುಧವಾರ

ಅಮ್ಮಾ,

ಹತ್ತು ದಿನದಲ್ಲಿ ನಾಲ್ಕು ಸಲ ಓದಿದೆ. ಅಕ್ಕನ ಹೆಸರು ಕೆಂಪಿ ಅಂತ ನನಗೆ ಇಪ್ಪತ್ತನಾಲ್ಕನೇ ವರ್ಷಕ್ಕೆ ಗೊತ್ತಾಯಿತು. ಮನೆಯಲ್ಲಿ ಯಾರಾದರೂ ಕೆಂಪು ಬಟ್ಟೆ ತಂದರೆ ನೀನು ಯಾಕೆ ಒಳಗಿಡಿಸುತ್ತಿದ್ದೆ ಅನ್ನುವುದೂ ಗೊತ್ತಾಯಿತು.

ಅಮ್ಮಾ, ಅದು ಮಗುವಲ್ಲ, ಚರ್ಮ. ಹೇಳಲು ನನ್ನ ನಾಲಿಗೆಯೂ ಏಳುವುದಿಲ್ಲ, ಆದರೂ ಹೇಳುತ್ತೇನೆ. ಕೋರ್ಸು ಹಾಳಾಗಲಿ, ಬಂದುಬಿಡು. ಮುಂದಿನ ತಿಂಗಳು ಒಂದು ವಾರ ರಜೆ ಇದೆ ಅಂತ ಫೋನಿನಲ್ಲಿ ಅಂದಿದ್ದೆಯಲ್ಲ. ಅಜ್ಜಿ ದಿನಾ ಲೆಕ್ಕ ಹಾಕುತ್ತಿದ್ದಾರೆ. ನಾನೂ ಹಾಕುತ್ತಿದ್ದೇನೆ.

ನೀಲಿ


ಸೆಪ್ಟೆಂಬರ್ ೨೧, ಭಾನುವಾರ

ನೀಲೀ,

ಬರಲಾಗಲಿಲ್ಲ. ಬಾಗಿಲಲ್ಲಿ ಕಾದಿರುತ್ತೀರಿ ಅಂತ ಗೊತ್ತು. ರಜೆಯಲ್ಲಿ ಎಲ್ಲರೂ ಊರಿಗೆ ಹೋದರು. ಊಟ ಹಾಕಲು ಯಾರಾದರೂ ಬೇಕಲ್ಲ, ನಾನಿರುತ್ತೇನೆ ಅಂದೆ. ಮೇಡಂ ಬೀಗದ ಕೈ ನನಗೇ ಕೊಟ್ಟರು. "ನಿಮ್ಮಷ್ಟು ಶ್ರದ್ಧೆ ಹುಡುಗೀರಿಗಿಲ್ಲ" ಅಂದರು. ನನ್ನ ಶ್ರದ್ಧೆ ಎಂಥದ್ದು ಅಂತ ಅವರಿಗೇನು ಗೊತ್ತು.

ನಿಜ ಹೇಳುತ್ತೇನೆ, ನೀನು ಬೈದರೂ ಸರಿ. ಬ್ಲೀಚಿಗೆ ಹಾಕಬೇಕಾದ ಅರ್ಧವನ್ನು ಈಗ ಹಾಕುತ್ತಿಲ್ಲ. ಇನ್ನೊಂದು ಬಾಟಲಿಗೆ ತುಂಬಿ ಪೆಟ್ಟಿಗೆಯ ಹಿಂದಿನ ಸಾಲಿನಲ್ಲಿ ಇಡುತ್ತೇನೆ. ಒಂದಿದ್ದದ್ದು ಎರಡಾಯಿತು, ಎರಡು ನಾಲ್ಕಾಯಿತು. ಸೂಕ್ಷ್ಮದರ್ಶಕದ ಮುಂದೆ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಎಳೆಮಗುವಿನ ನೆತ್ತಿಯ ಸುಳಿಯ ಹಾಗೆ ಸುತ್ತಿಕೊಂಡು ಮಲಗಿರುತ್ತಾಳೆ. ಬಾಯಿ ಮುಚ್ಚಿಕೊಂಡಿರಬೇಕು ಅನ್ನುವುದು ನಿಯಮ. ಮಾಸ್ಕಿನೊಳಗೇ ಲಾಲಿ ಗುನುಗುತ್ತೇನೆ.

ಚರ್ಮದ ಜೀವಕೋಶಕ್ಕೂ ಆಯಸ್ಸಿದೆಯಂತೆ. ಒಂದು ಎರಡಾಗಿ ಒಡೆಯುವುದು ಐವತ್ತು ಸಲದ ಸುಮಾರಿಗೆ ನಿಂತು, ಅಗಲವಾಗಿ, ಮುದಿಯಾಗುತ್ತವಂತೆ. ನಮ್ಮ ಪಾಪುವಿಗೆ ಈಗ ನಲವತ್ತೊಂದನೇ ಸಲ. ತಣ್ಣನೆಯ ತೊಟ್ಟಿಯಲ್ಲಿ ಹೆಪ್ಪುಗಟ್ಟಿಸಿಟ್ಟ ಇನ್ನೆರಡು ಸೀಸೆ ಬಿಟ್ಟರೆ ಎಲ್ಲೂ ಇಲ್ಲ.

ಬೀಗದ ಕೈ ಇದ್ದ ಆ ವಾರ ಒಂದು ದಿನ ಬಾಗಿಲು ಮುಚ್ಚಿ ಹೊರಟವಳಿಗೆ, ಒಳಗೆ ಯಾರೋ ಎಚ್ಚರವಾದ ಹಾಗೆ ಅನ್ನಿಸಿತು. ಶಬ್ದ ಏನೂ ಇಲ್ಲ. ಮಗು ಮಲಗಿದ ಕೋಣೆಯಿಂದ ಆಚೆ ಬಂದಾಗ ತಾಯಿಗೆ ಬೆನ್ನಿನಲ್ಲೇ ಗೊತ್ತಾಗುತ್ತಲ್ಲ, ಹಾಗೆ. ವಾಪಸು ಹೋದೆ. ಎಲ್ಲ ಬಾಟಲಿಗಳಲ್ಲೂ ಆಹಾರ ಕೆಂಪಗಿತ್ತು. ಹಿಂದಿನ ಸಾಲಿನ ಒಂದರಲ್ಲಿ ಮಾತ್ರ, ಆಗಷ್ಟೇ ಹಾಕಿದ್ದು, ಹಳದಿ.

ಅಮ್ಮ


ಸೆಪ್ಟೆಂಬರ್ ೩೦, ಮಂಗಳವಾರ

ಅಮ್ಮಾ,

ಬಾಗಿಲಲ್ಲಿ ಕಾದಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕಾದಿದ್ದೆ. ನಾಲ್ಕು ಬಸ್ಸು.

ಈಗ ನಾನು ಹೇಳುವುದನ್ನು ಕೇಳು. ತೊಡೆಯ ಕಲೆ ಉರಿಯುತ್ತದೆ ಅಂದಿದ್ದೆನಲ್ಲ. ಡಾಕ್ಟರಿಗೆ ತೋರಿಸಿದೆ. "ಯಾವಾಗ ಯಾವಾಗ ಉರಿಯುತ್ತೆ ಬರ್ಕೊಂಡು ಬಾ" ಅಂದರು. ಲಾಂಡ್ರಿಯ ಚೀಟಿ ಪುಸ್ತಕದ ಹಿಂದೆ ಬರೆದಿಟ್ಟೆ. ಇಂದು ಅದನ್ನು ತೆಗೆದು ಕ್ಯಾಲೆಂಡರಿನ ಪಕ್ಕ ಇಟ್ಟು ನೋಡಿದೆ. ಆಗಸ್ಟ್ ೫, ೧೨, ೧೯, ೨೬. ಸೆಪ್ಟೆಂಬರ್ ೯, ೧೬, ೨೩. ಇವತ್ತು. ಎಲ್ಲ ಮಂಗಳವಾರ. ಎಲ್ಲ ಬೆಳಿಗ್ಗೆ ಹತ್ತರ ಹೊತ್ತಿಗೆ. ಯಾರೋ ಒಳಗಿನಿಂದ ಚರ್ಮವನ್ನು ಕಿತ್ತು ತೆಗೆಯುವ ಹಾಗೆ.

ಮಂಗಳವಾರ ಹತ್ತಕ್ಕೆ ನೀನು ಏನು ಮಾಡುತ್ತೀಯ ಅಂತ ಬರೆದದ್ದು ನೀನೇ.

ಹುಚ್ಚು ಯೋಚನೆ ಅಂತ ನನಗೂ ಗೊತ್ತು. ಒಂದೇ ಒಂದು ದಿನ ತಪ್ಪಿದೆ. ಸೆಪ್ಟೆಂಬರ್ ೨, ಮಂಗಳವಾರ, ಏನೂ ಆಗಲಿಲ್ಲ. ಬದಲಿಗೆ ೪ನೇ ತಾರೀಖು ಗುರುವಾರ ಮಧ್ಯಾಹ್ನ ಮೂರಕ್ಕೆ ಉರಿಯಿತು. ಅದೊಂದನ್ನು ಹಿಡಿದುಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದೇನೆ. ಆ ವಾರ ನೀನು ಮಂಗಳವಾರವೇ ಮಾಡಿದೆ ಅಂತ ಬರೆ. ಒಂದು ಸಾಲು ಸಾಕು.

ನೀಲಿ


ಅಕ್ಟೋಬರ್ ೮, ಬುಧವಾರ

ಮಗಳೇ,

ಆ ವಾರ ಮಂಗಳವಾರ ನನಗೆ ಜ್ವರ ಇತ್ತು. ನನ್ನ ಪಾಲಿನ ಪಾಪುವನ್ನು ಬಿಡಿಸಿದ್ದು ಗುರುವಾರ, ಊಟದ ನಂತರ. ನನ್ನ ನೋಟುಪುಸ್ತಕದಲ್ಲಿ ಸಮಯ ಇದೆ. ಮೂರು ಗಂಟೆ ಐದು ನಿಮಿಷ.

ನಿನ್ನ ಕಾಗದ ಹಿಡಿದು ನೇರ ಮೇಡಂ ಹತ್ತಿರ ಹೋದೆ. ಎಲ್ಲ ಹೇಳಿದೆ. ಕಾರ್ಡಿನ ನಂಬರು, ಕೆಂಪಿ, ಬಚ್ಚಿಟ್ಟ ಬಾಟಲಿ, ಎಲ್ಲ. ಉರಿಯ ಮಾತು ಮಾತ್ರ ಹೇಳಲಿಲ್ಲ. ಹೊರಗೆ ಹಾಕುತ್ತಾರೆ ಅಂದುಕೊಂಡಿದ್ದೆ. ಮೇಡಂ ಸ್ಪ್ರೇ ಬಾಟಲಿ ಕೆಳಗಿಟ್ಟರು. ನಾನು ಕಂಡಂತೆ ಅದೇ ಮೊದಲು. ಕುರ್ಚಿ ಎಳೆದು ಕೂರಿಸಿ, ಅಲಮಾರಿಯಿಂದ ಪಾಪುವಿನ ಮೂಲ ಕಾರ್ಡು ತೆಗೆದರು. ನಕಲು ಮಾಡಿದ ರಿಜಿಸ್ಟರಿನಲ್ಲಿ ಇಲ್ಲದ್ದು ಅದರಲ್ಲಿತ್ತು.

ಅವತ್ತು ಬಂದದ್ದು ಒಂದಲ್ಲ, ಎರಡು ಬಾಟಲಿ. ಒಂದು ತೀರಿಕೊಂಡ ಮಗುವಿನದು. ಇನ್ನೊಂದು, ಹೋಲಿಸಿ ನೋಡಲು, ಬದುಕಿರುವ ಅವಳಿಯದು. ಒಂದು ಬೆಳೆಯಲಿಲ್ಲ, ಎಸೆದರು. ಬೆಳೆದದ್ದು ಪಾಪು. ಕಾರ್ಡಿನ ಮೂಲೆಯಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದಾರೆ: 'ಗುರುತು ಮುಚ್ಚಳದ ಮೇಲೆ ಮಾತ್ರ ಇತ್ತು.'

"ಸತ್ತ ಮೇಲೆ ತೆಗೆದ ಚರ್ಮವೂ ಬೆಳೆಯೋದುಂಟು" ಅಂದರು ಮೇಡಂ. "ಆದ್ರೆ ಎರಡರಲ್ಲಿ ಒಂದು ಮಾತ್ರ ಬೆಳೀತು ಅಂದ್ರೆ, ನಾನಾದ್ರೆ ಬದುಕಿದ್ದ ಮಗೂದೇ ಅಂತೀನಿ." ಪರೀಕ್ಷೆ ಮಾಡಿಸಬಹುದಲ್ಲ ಅಂದೆ. ತಲೆ ಅಲ್ಲಾಡಿಸಿದರು. ಒಂದೇ ಬಸಿರಿನ ಒಂದೇ ಅಚ್ಚಿನ ಅವಳಿ. ನಮ್ಮಲ್ಲಿರುವ ಯಾವ ಪರೀಕ್ಷೆಗೂ ನೀವಿಬ್ಬರೂ ಒಬ್ಬಳೇ.

ನಿನ್ನ ಮೈಯಿಂದಲೂ ಚರ್ಮ ತೆಗೆದಿದ್ದರು ಅಂತ ನನಗೆ ಯಾರೂ ಹೇಳಲಿಲ್ಲ. ಆ ದಿನಗಳಲ್ಲಿ ನನಗೂ ಅದೇ ಜ್ವರ, ಮೈಮೇಲೆ ಎಚ್ಚರವಿರಲಿಲ್ಲ. ಕೇಳಲು ನಿನ್ನಪ್ಪ ಈಗಿಲ್ಲ, ಅಜ್ಜಿಯನ್ನು ಕೇಳು. ತೊಡೆಯ ಕಲೆ ಸೂಜಿಯದೇನಾ ಅಂತ ಕೇಳು.

ಮೇಡಂ ಒಂದು ಮಾತು ಹೇಳಿದ್ದಾರೆ. ಅನುಮಾನದ ಬಾಟಲಿ ಇಟ್ಟುಕೊಳ್ಳುವ ಹಾಗಿಲ್ಲ. ಹೆಪ್ಪುಗಟ್ಟಿಸಿದ್ದೂ ಸೇರಿ ಎಲ್ಲ ಹೋಗಬೇಕು. ಈ ತಿಂಗಳ ೨೮ರಂದು, ಪರೀಕ್ಷೆಯ ದಿನ, ನನ್ನ ಕೈಯಿಂದಲೇ. "ಬೇಡ ಅಂದ್ರೆ ಬೇರೆಯವರ ಕೈಲಿ ಮಾಡಿಸ್ತೀನಿ. ಆದ್ರೆ ನೀವು ಮಾಡಿದ್ರೆ ಒಳ್ಳೇದು" ಅಂದರು.

ನೀಲೀ, ತಳದಿಂದ ಬಿಡಿಸಿದಾಗಲೇ ನಿನಗೆ ಅಷ್ಟು ಉರಿದಿದ್ದರೆ, ಎಲ್ಲವನ್ನೂ ಬ್ಲೀಚಿಗೆ ಹಾಕಿದರೆ? ನನಗೆ ಕೈ ಬರುವುದಿಲ್ಲ ಕಣೇ.

ಅಮ್ಮ


ಅಕ್ಟೋಬರ್ ೧೬, ಗುರುವಾರ

ಅಮ್ಮಾ,

ಅಜ್ಜಿಯನ್ನು ಕೇಳಿದೆ. ಮೊದಲು ಕಿವಿ ಕೇಳಿಸದವರ ಹಾಗೆ ನಟಿಸಿದರು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಅತ್ತರು. "ಒಂದು ಮಗು ಬಟ್ಟೇಲಿ ಸುತ್ತಿಟ್ಟಿತ್ತು, ಇನ್ನೊಂದು ಕಿರುಚ್ತಾ ಇತ್ತು. ಕಿರುಚೋದರ ತೊಡೇನ ನಾನೇ ಗಟ್ಟಿಯಾಗಿ ಹಿಡ್ಕೊಂಡಿದ್ದೆ. ನಿಮ್ಮಮ್ಮ ಎದ್ದ ಮೇಲೆ ಇದನ್ನೂ ಹೇಳಿ ಅವಳನ್ನ ಕೊಲ್ಲೋದಾ? ಸೂಜಿ ಅಂದೆ" ಅಂದರು. ಅವರನ್ನು ಬೈಯಬೇಡ. ಎರಡು ದಿನದಿಂದ ಊಟ ಬಿಟ್ಟಿದ್ದಾರೆ.

ಹಾಗಾದರೆ ನೀನು ಇಷ್ಟು ದಿನ ಲಾಲಿ ಹಾಡಿದ್ದು ನನಗೆ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಪ್ಪತ್ತಮೂರು ವರ್ಷ ಎದುರಿಗೆ ಓಡಾಡಿದ ನನ್ನನ್ನು ನೋಡದವಳು, ತಳಕ್ಕೆ ಅಂಟಿದ ನನ್ನನ್ನು ಗಂಟೆಗಟ್ಟಲೆ ನೋಡಿದ್ದೀಯ. ಆ ಬಾಟಲಿಯ ಮೇಲೆ ನನಗೆ ಹೊಟ್ಟೆಕಿಚ್ಚು ಬಂತು ಅಂದರೆ ನಂಬುತ್ತೀಯಾ? ನನ್ನ ಮೇಲೆ ನನಗೇ ಹೊಟ್ಟೆಕಿಚ್ಚು.

ಚೆಲ್ಲು ಅಮ್ಮಾ. ಅದು ಅಕ್ಕನಾಗಿದ್ದರೂ ಚೆಲ್ಲು, ನಾನಾಗಿದ್ದರೂ ಚೆಲ್ಲು. ಏನಾಗುತ್ತದೋ ಆಗಲಿ. ಬಾಟಲಿಯಲ್ಲಿರುವವಳಿಗೆ ಹಸಿವಾದರೆ ಬಣ್ಣ ತಿರುಗುತ್ತದೆ, ನಿನಗೆ ಕಾಣುತ್ತದೆ. ಇಲ್ಲಿರುವವಳಿಗೆ ಅದೂ ಇಲ್ಲ.

ನೀಲಿ


ಅಕ್ಟೋಬರ್ ೨೬, ಭಾನುವಾರ

ಮಗಳೇ,

ನಾಡಿದ್ದು ಮಂಗಳವಾರ ಹತ್ತು ಗಂಟೆಗೆ ಪರೀಕ್ಷೆ. ಈ ಕಾಗದ ಅಷ್ಟರಲ್ಲಿ ನಿನಗೆ ತಲುಪುವುದಿಲ್ಲ. ತಲುಪದಿರಲಿ ಅಂತಲೇ ಇವತ್ತು ಬರೆಯುತ್ತಿದ್ದೇನೆ. ಚೆಲ್ಲುತ್ತೇನೆ.

ನಿನ್ನ ಮುಖ ನೋಡುವುದಿಲ್ಲ ಅಂತ ಜೂನಿನಲ್ಲಿ ನೀನು ಬರೆದದ್ದಕ್ಕೆ ಉತ್ತರ ಇದು. ನಾಲ್ಕು ತಿಂಗಳಲ್ಲ, ಇಪ್ಪತ್ತಮೂರು ವರ್ಷ ತಡ.

ನೀವಿಬ್ಬರೂ ಹುಟ್ಟಿದಾಗ ನಿಮ್ಮಪ್ಪನಿಗೆ, ಅಜ್ಜಿಗೆ ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ಅವರಿಗಾಗಿ ಟೋಪಿ ಹೆಣೆದೆ. ನನಗೆ ಟೋಪಿ ಬೇಕಿರಲಿಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ನೀಲಿ ನೇರ ನಗುತ್ತಿದ್ದಳು. ಕೆಂಪಿ ನಗುವ ಮುಂಚೆ ಒಂದು ಗಳಿಗೆ ಹುಬ್ಬು ಗಂಟು ಹಾಕುತ್ತಿದ್ದಳು, ನಗಲೋ ಬೇಡವೋ ಅಂತ ಯೋಚಿಸುವ ಹಾಗೆ.

ಆಸ್ಪತ್ರೆಯಲ್ಲಿ ಮೈ ಒರೆಸುವಾಗ ಎರಡೂ ಟೋಪಿ ತೆಗೆದಿದ್ದರು. ಮತ್ತೆ ಹಾಕಿದವರು ಯಾರೋ. ನನಗೆ ನಾಲ್ಕನೇ ದಿನ ಎಚ್ಚರವಾದಾಗ ನಿಮ್ಮಪ್ಪ ಒಂದು ಮಗುವನ್ನು ಎದುರಿಗೆ ಹಿಡಿದು, "ಒಂದು ಹೋಯ್ತು ಕಣೇ. ಉಳಿದಿರೋದು ಯಾವುದು ಹೇಳು, ಬರೆಸಬೇಕಂತೆ" ಅಂದರು. ಜ್ವರದ ಕಣ್ಣು. ನೀಲಿ ಟೋಪಿ ಕಂಡಿತು. "ನೀಲಿ" ಅಂದೆ. ಅವರು ಹೋಗಿ ಸತ್ತವಳು ಕೆಂಪಿ ಅಂತ ಬರೆಸಿ ಬಂದರು. ನಾನು ಮುಖ ನೋಡಿ ಹೇಳಲಿಲ್ಲ. ಟೋಪಿ ನೋಡಿ ಹೇಳಿದೆ.

ತಿಂಗಳಾದ ಮೇಲೆ ಒಂದು ದಿನ ಸ್ನಾನ ಮಾಡಿಸುತ್ತಿದ್ದೆ. ನೀನು ನಗಲು ಹೊರಟೆ. ನಗುವ ಮುಂಚೆ ಹುಬ್ಬು ಗಂಟಾಯಿತು. ನಾನು ಮುಖ ತಿರುಗಿಸಿದೆ. ಕಾಗದದಲ್ಲಿ ಹೆಸರು ಬಿದ್ದಾಗಿತ್ತು, ಮಣ್ಣು ಮಾಡಿಯಾಗಿತ್ತು. ಬದುಕಿದ್ದವಳನ್ನು ಸತ್ತಳು ಅಂದೆ, ಸತ್ತವಳಿಗಾಗಿ ಒಂದು ಹನಿ ಅಳಲಿಲ್ಲ. ಇದನ್ನು ಯಾರಿಗೆ ಹೇಳಲಿ? ಸರಿಯಾಗಿ ನೋಡಿದರೆ ಖಚಿತವಾಗಿಬಿಡುತ್ತದೆ, ನೋಡದಿದ್ದರೆ ಅನುಮಾನವಾಗಿಯೇ ಉಳಿಯುತ್ತದೆ ಅಂದುಕೊಂಡೆ. ಅವತ್ತಿನಿಂದ ನಿನ್ನ ಜಡೆ ನೋಡಿ ಮಾತಾಡುತ್ತಿದ್ದೇನೆ.

ಕ್ಷಮಿಸು ಅನ್ನುವುದಿಲ್ಲ, ಅದು ಸಣ್ಣ ಮಾತಾಗುತ್ತದೆ. ಮಂಗಳವಾರ ಕೆಲಸ ಮುಗಿಸಿ, ಶುಕ್ರವಾರದ ಬಸ್ಸಿಗೆ ಹೊರಡುತ್ತೇನೆ. ನಿನಗೆ ಏನೂ ಆಗದಿರಲಿ. ನಿನಗೆ ಏನೂ ಆಗದಿರಲಿ.

ಅಮ್ಮ


ಅಕ್ಟೋಬರ್ ೩೦, ಗುರುವಾರ

ಅಮ್ಮಾ,

ನಿನ್ನ ಕಾಗದ ಇವತ್ತು ಬೆಳಿಗ್ಗೆ ಬಂತು. ನೀನು ಹೊರಡುವ ಮುಂಚೆ ಇದು ಸಿಗುವುದಿಲ್ಲ. ಮನೆಯಲ್ಲೇ ನಿನ್ನ ಮಂಚದ ಮೇಲೆ ಇಟ್ಟಿರುತ್ತೇನೆ.

ಮಂಗಳವಾರ ನಾನು ಲಾಂಡ್ರಿಯಲ್ಲಿದ್ದೆ. ಗಡಿಯಾರ ನೋಡಬಾರದು ಅಂದುಕೊಂಡು ನೋಡುತ್ತಲೇ ಇದ್ದೆ. ಹತ್ತಕ್ಕೆ ಏನೂ ಇಲ್ಲ. ಹತ್ತು ಕಳೆದು ಹತ್ತು ನಿಮಿಷಕ್ಕೆ ಉರಿ ಬ್ರಹ್ಮಾಂಡವಾಯಿತು, ಕೌಂಟರಿನ ಅಂಚು ಹಿಡಿದು ನಿಂತೆ. ಆಮೇಲೆ ಯಾರೋ ಸ್ವಿಚ್ಚು ಒತ್ತಿದ ಹಾಗೆ ನಿಂತಿತು. ಯಜಮಾನಿ ನೀರು ಕೊಟ್ಟಳು. ಒಳಗೆ ಹೋಗಿ ನೋಡಿಕೊಂಡೆ. ಕಲೆ ಇಲ್ಲ. ಮಾಸಿದ್ದಲ್ಲ, ಇಲ್ಲವೇ ಇಲ್ಲ. ಅಜ್ಜಿ ಕನ್ನಡಕ ಹಾಕಿ ಎರಡೂ ತೊಡೆ ಹುಡುಕಿದರು, ಬೆರಳಿನಿಂದ ತಡವಿದರು. "ಇಲ್ಲೇ ಇತ್ತಲ್ಲೇ, ನಾನೇ ಹಿಡ್ಕೊಂಡಿದ್ದೆನಲ್ಲೇ" ಅಂತ ನನ್ನನ್ನೇ ಕೇಳುತ್ತಾರೆ. ಆಮೇಲೆ ನನ್ನ ಮುಖ ನೋಡಿ, ಒಂದು ಹೆಜ್ಜೆ ಹಿಂದೆ ಸರಿದು, "ನೀನು ಯಾರೇ?" ಅಂದರು. ಅರಳುಮರಳು ಅಂತ ನಕ್ಕುಬಿಟ್ಟೆ. ನಗುವ ಮುಂಚೆ ಹುಬ್ಬು ಗಂಟಾದದ್ದು ನನಗೇ ಗೊತ್ತಾಯಿತು.

ಹುಬ್ಬಿನ ಮಾತನ್ನು ನಾನು ನಿನಗೆ ಜೂನಿನಲ್ಲೇ ಬರೆದಿದ್ದೆ. ಆ ಕಾಗದವನ್ನು ನೀನು ಮೂರು ವಾರ ದಿಂಬಿನ ಕೆಳಗೆ ಇಟ್ಟುಕೊಂಡೆ. ಯಾಕೆ ಅಂತ ಈಗ ತಿಳಿಯಿತು.

ನನಗೆ ಸಿಟ್ಟಿದೆ. ಸುಳ್ಳು ಹೇಳುವುದಿಲ್ಲ. ಬೇರೆಯವಳ ಹೆಸರಿನಲ್ಲಿ ಶಾಲೆಗೆ ಹೋದೆ, ಬೇರೆಯವಳ ಹೆಸರಿನಲ್ಲಿ ಜ್ವರ ಬಂದು ಮಲಗಿದೆ. ಕಾಗದ ಓದಿದ ಮೇಲೆ ನಮ್ಮಿಬ್ಬರ ಫೋಟೋ ಹುಡುಕಿ ತೆಗೆದು ನೋಡಿದೆ. ಇಬ್ಬರಿಗೂ ಟೋಪಿ ಇದೆ. ನೇರ ನಗುವವಳು ನನ್ನ ಪಕ್ಕದಲ್ಲಿದ್ದಾಳೆ. ಅವಳಿಗಾಗಿ ಯಾರೂ ಅತ್ತಿಲ್ಲವಲ್ಲ, ನಾನು ಅತ್ತೆ.

ಶನಿವಾರ ಬೆಳಿಗ್ಗೆ ನೀನು ಬಂದು ಬಾಗಿಲು ತಟ್ಟುತ್ತೀಯ. ತೆಗೆಯುವವಳು ನಾನೇ. ಈಗ ಟೋಪಿ ಇಲ್ಲ, ಬಾಟಲಿ ಇಲ್ಲ, ಕಲೆಯೂ ಇಲ್ಲ. ಬ್ಯಾಗು ಕೆಳಗಿಟ್ಟು ನನ್ನ ಮುಖ ನೋಡು. ಎಷ್ಟು ಹೊತ್ತು ಬೇಕಾದರೂ ನೋಡು, ನಾನು ಅಲ್ಲಾಡುವುದಿಲ್ಲ. ಆಮೇಲೆ ಕರೆ.

ಯಾವ ಹೆಸರು ಬಂದರೂ ಓ ಅನ್ನುತ್ತೇನೆ.

ನಿನ್ನ ಮಗಳು